ಹಳಿ ಅದೇ, ಹೆಸರು ಬೇರೆ: ಹಳೇ ರೈಲು ದಾರಿಗಳನ್ನು ದಾಖಲಿಸುವುದು ಹೇಗೆ

ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಸೊಲ್ಲಾಪುರದ ಪಕ್ಕದ ಹೋಟಗಿಗೆ ಹೋಗುವ ರೈಲು ದಾರಿ ಯಾರದು? 1885ರಲ್ಲಿ ಕೇಳಿದ್ದರೆ ಸದರ್ನ್ ಮರಾಠಾ ರೈಲ್ವೆ ಕಂಪನಿಯದು ಅನ್ನುತ್ತಿದ್ದರು. 1910ರಲ್ಲಿ ಕೇಳಿದ್ದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. 1955ರಲ್ಲಿ ದಕ್ಷಿಣ ರೈಲ್ವೆ, 1970ರಲ್ಲಿ ದಕ್ಷಿಣ ಮಧ್ಯ ರೈಲ್ವೆ. ಈಗ ಕೇಳಿದರೆ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನೈರುತ್ಯ ರೈಲ್ವೆ.

ಹೊಲ ಅದೇ ಇದ್ದು ಪಹಣಿಯಲ್ಲಿ ಖಾತೆದಾರರ ಹೆಸರು ಮಾತ್ರ ಬದಲಾಗುತ್ತ ಹೋದ ಹಾಗಿದೆ, ಅಲ್ವಾ? ಆದರೆ ಇಲ್ಲಿ ಹೊಲವೂ ಪೂರ್ತಿ ಅದೇ ಅಲ್ಲ. ಅಂದು ಹಾಕಿದ್ದು ಮೀಟರ್ ಗೇಜ್, ಅಂದರೆ ಜೋಡಿ ಹಳಿಗಳ ನಡುವಿನ ಅಗಲ (ಗೇಜ್) ಒಂದು ಮೀಟರ್. ಇವತ್ತು ಇರುವುದು 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್. ಅಗಲ ಮಾಡುವಾಗ ಕೆಲವು ತಿರುವುಗಳನ್ನು ಸಡಿಲಿಸಿದರು, ಕೆಲವು ಕಡೆ ಹಳೇ ಸೇತುವೆ ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟಿದರು.

ದೇಶದ ಹಳೇ ರೈಲು ದಾರಿಗಳನ್ನು ನಕ್ಷೆಗೆ ಇಳಿಸುತ್ತೇವೆ ಅಂತ ಹೊರಟವರಲ್ಲಿ ಬಹಳ ಜನ ಇದನ್ನೆಲ್ಲ ಬಿಟ್ಟು "ಗದಗ–ಹೋಟಗಿ, 1884" ಅಂತ ಒಂದು ಗೆರೆ ಎಳೆದು ಮುಗಿಸುತ್ತಾರೆ. ಗೆರೆ ತಪ್ಪಲ್ಲ. ಆದರೆ ಅದನ್ನು ನೋಡಿದವರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ನನ್ನ ಪ್ರಕಾರ ನಾಲ್ಕು ವಿಷಯ ಬೇರೆ ಬೇರೆ ಬರೆಯಬೇಕು. ಹಳಿ ಯಾವ ನೆಲದ ಮೇಲೆ ಹೋಯಿತು, ಯಾವ ಗೇಜ್, ಯಾರ ಆಡಳಿತ, ಅದರ ಮೇಲೆ ಯಾವ ರೈಲು ಓಡಿತು. ನಾಲ್ಕಕ್ಕೂ ಅದರದರ ದಿನಾಂಕ ಬೇಕು. ಅದೂ ಇಡೀ ಲೈನಿಗೆ ಒಂದೇ ಲೆಕ್ಕ ಆಗುವುದಿಲ್ಲ. ಒಂದು ಸ್ಟೇಷನ್‌ನಿಂದ ಮುಂದಿನ ಸ್ಟೇಷನ್‌ವರೆಗಿನ ತುಂಡಿಗೆ ಒಂದೊಂದು ಲೆಕ್ಕ.

ಬರಗಾಲದ ಹಳಿ, ಹತ್ತಿಯ ಹಳಿ

1876ರಿಂದ 78ರವರೆಗಿನ ಭಾರೀ ಬರದಲ್ಲಿ ಈ ಸೀಮೆ ಸತ್ತು ಸುಣ್ಣವಾಗಿತ್ತು. ಬೇರೆ ಕಡೆ ಧಾನ್ಯ ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣ ಅಂದರೆ ಎತ್ತಿಗೇ ಮೇವಿಲ್ಲ, ನೀರಿಲ್ಲ. 1880ರ ಕ್ಷಾಮ ಆಯೋಗ ರೈಲು ದಾರಿಗಳನ್ನು ಬೇಗ ಬೇಗ ಹಾಕಬೇಕು ಅಂತ ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಂಡವಾಳ ಹಾಕಿದವರಿಗೆ ಬಡ್ಡಿಯ ಖಾತರಿಯನ್ನು ಸರ್ಕಾರವೇ ಕೊಟ್ಟಿತು. ಹೋಟಗಿ–ಗದಗ ಈ ಕಂಪನಿಯ ಮೊದಲ ಕೆಲಸ. 1884ರಲ್ಲಿ ಅಲ್ಲಿ ರೈಲು ಓಡಿತು. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಅದಕ್ಕಾಗಿ ಕಟ್ಟಿದ ಕಟ್ಟಡದಲ್ಲೇ ಈಗ ಕರ್ನಾಟಕ ಕಾಲೇಜು ಇದೆ. ಹುಬ್ಬಳ್ಳಿಯ ವರ್ಕ್‌ಶಾಪ್ 1885ರದು.

ಹೊಟ್ಟೆಗೆ ಕಾಳು ತರಲು ಅಂತ ಹಾಕಿದ ಹಳಿ ಸರಿ, ಅದರ ಮೇಲೆ ಇಲ್ಲಿಂದ ಹೊರಗೆ ಹೋಗುವ ಸರಕು ಯಾವುದು? ಹತ್ತಿ. ಅಮೆರಿಕದ ಅಂತರ್ಯುದ್ಧ ನಡೆದ 1861–65ರಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ, ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಆಗ ಗದಗ, ಹುಬ್ಬಳ್ಳಿಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋಗುತ್ತಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕು ಅನ್ನುವ ಮಾತು ಆ ಕಾಲದ್ದೇ. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆಗಿ ಗಾಳಿ ಮರ್ಮಗೋವಾ ಬಂದರಿನ ಕಡೆ ತಿರುಗಿತು. ಗೋವಾದ ಒಳಗೆ ಪೋರ್ಚುಗೀಸ್ ಕಡೆಯ ಕಂಪನಿ ಹಳಿ ಹಾಕಿತು. ಘಟ್ಟದ ಮೇಲಿನಿಂದ ಸದರ್ನ್ ಮರಾಠಾದವರು ಬಂದರು. 1888ರಲ್ಲಿ ಎರಡೂ ಗಡಿಯ ಹತ್ತಿರದ ಕ್ಯಾಸಲ್ ರಾಕ್ ಸ್ಟೇಷನ್‌ನಲ್ಲಿ ಕೂಡಿದವು. ಕಾರವಾರದ ಲೈನ್ ಕಾಗದದಲ್ಲೇ ಉಳಿಯಿತು. ಅದರ ಮೊಮ್ಮಗ ಹುಬ್ಬಳ್ಳಿ–ಅಂಕೋಲಾ ಯೋಜನೆಯ ಮೇಲೂ ಇನ್ನೂ ರೈಲು ಓಡಿಲ್ಲ.

ಗೇಜ್ ಬರೆಯದೆ ಇದ್ದರೆ ಈ ಕಥೆಯ ಅರ್ಧ ಕಾಣುವುದೇ ಇಲ್ಲ. ಮುಂಬೈ–ಮದ್ರಾಸ್ ದೊಡ್ಡ ಲೈನ್ ಬ್ರಾಡ್ ಗೇಜ್. ನಮ್ಮದು ಮೀಟರ್ ಗೇಜ್. ಎರಡೂ ಭೇಟಿಯಾಗುತ್ತಿದ್ದದ್ದು ಹೋಟಗಿಯಲ್ಲಿ. ಗದಗದ ಹತ್ತಿ ಅಂಡಿಗೆ ಆ ದಾರಿಯಲ್ಲಿ ಮುಂಬೈಗೆ ಹೋಗಬೇಕಾದರೆ ಹೋಟಗಿಯಲ್ಲಿ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಹಮಾಲರ ಕೂಲಿ, ಕಾಯುವ ದಿನ, ಮಳೆ ಬಂದರೆ ನೆನೆಯುವ ಅಂಡಿಗೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮರ್ಮಗೋವಾಕ್ಕಾದರೆ ಹಳಿಯ ಅಗಲ ಬದಲಾಗುವುದೇ ಇಲ್ಲ. ಗದಗದಲ್ಲಿ ಏರಿಸಿದ್ದನ್ನು ಬಂದರಿನಲ್ಲೇ ಇಳಿಸಬಹುದು. 1890ರಲ್ಲಿ ಲೋಂಡಾದಿಂದ ಪುಣೆಗೆ ಮೀಟರ್ ಗೇಜ್ ಹೋದ ಮೇಲೆ ಏರಿಸಿ ಇಳಿಸುವ ಇನ್ನೊಂದು ಜಾಗ ಪುಣೆ ಆಯಿತು. ಪೂರ್ವಕ್ಕೆ ಹೋದರೆ ಗುಂತಕಲ್ಲು.

ಈಗ 1900ರ ಒಂದು ನಕ್ಷೆ ಬರೆದು ಎಲ್ಲ ಹಳಿಗೂ ಒಂದೇ ಕಪ್ಪು ಬಣ್ಣ ಕೊಡಿ. ಹೋಟಗಿ ಸುಮ್ನೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಗೇಜ್‌ಗೆ ಬೇರೆ ಬಣ್ಣ ಕೊಟ್ಟರೆ ಹೋಟಗಿ, ಪುಣೆ, ಗುಂತಕಲ್ಲು ಮೂರೂ ಎದ್ದು ಕಾಣುತ್ತವೆ. ಸರಕು ಯಾಕೆ ಯಾವ ಕಡೆ ಹರಿಯಿತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಾಗದ ಎಲ್ಲೆಲ್ಲಿದೆ

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ಲೈನ್ ನೋಡಿ. ಕುಂದಗೋಳ ಆಗ ಜಮಖಂಡಿ ಸಂಸ್ಥಾನದ್ದು. ಮುಂದೆ ಸವಣೂರು ನವಾಬರ ಸೀಮೆಯ ಮಗ್ಗುಲಲ್ಲಿ ಹಾದು, ಮುಂಬೈ ಪ್ರಾಂತ್ಯದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ, ತುಂಗಭದ್ರೆಯ ಆಚೆ ಹರಿಹರಕ್ಕೆ ಹೋದರೆ ಅದು ಮೈಸೂರು ಸಂಸ್ಥಾನ. ಬೆಂಗಳೂರು ಕಡೆಯ ಹಳಿ ಹರಿಹರದವರೆಗೆ ಬಂದದ್ದು 1889ರಲ್ಲಿ. ಇವತ್ತು ಪ್ಯಾಸೆಂಜರ್ ಗಾಡಿಯಲ್ಲಿ ಶೇಂಗಾ ತಿನ್ನುತ್ತ ಕೂತರೆ ಕಳೆದುಹೋಗುವ ದಾರಿ ಇದು. ಆದರೆ ಇದರ ಕಾಗದ ಹುಡುಕಲು ಹೊರಟರೆ ಮುಂಬೈ, ಬೆಂಗಳೂರು, ಚೆನ್ನೈ, ದೆಹಲಿ, ಲಂಡನ್ ಎಲ್ಲ ಕಡೆಯ ಕಡತ ಬೇಕಾಗುತ್ತದೆ. ಮರ್ಮಗೋವಾ ಲೈನಿಗಾದರೆ ಗೋವಾ, ಲಿಸ್ಬನ್ ಕೂಡ ಸೇರಿಸಿಕೊಳ್ಳಿ.

ಅದಕ್ಕೇ ಆಡಳಿತದ ಬದಲಾವಣೆಗಳನ್ನು ಸರಿಯಾಗಿ ಬರೆದಿಟ್ಟುಕೊಳ್ಳಬೇಕು. ಯಾವ ವರ್ಷದ ಕಡತ ಯಾವ ಊರಿನಲ್ಲಿ ಇರಬಹುದು ಅನ್ನುವ ಸುಳಿವು ಅದರಲ್ಲೇ ಇರುತ್ತದೆ. 1908ರ ಜನವರಿ 1ರಂದು ಸದರ್ನ್ ಮರಾಠಾ ರೈಲ್ವೆ ಮದ್ರಾಸ್ ರೈಲ್ವೆಯ ಜೊತೆ ಸೇರಿ ಹೊಸ ಕಂಪನಿ ಆಯಿತು, ಅದರ ಕೇಂದ್ರ ಮದ್ರಾಸ್. 1944ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆ, 1966ರ ಅಕ್ಟೋಬರ್‌ನಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್‌ನಲ್ಲಿ ನೈರುತ್ಯ ರೈಲ್ವೆ. ಆಡಳಿತದ ವಿಷಯದಲ್ಲಿ ಇಷ್ಟು ಸಾಕು.

ಕಾಗದ ಸಿಕ್ಕ ಮೇಲೆ ಓದುವುದು ಇನ್ನೊಂದು ಕೆಲಸ. ಹಳೇ ವರದಿಗಳಲ್ಲಿ ದೂರ ಮೈಲಿ ಮತ್ತು ಚೈನ್‌ನಲ್ಲಿ ಇರುತ್ತದೆ. 66 ಅಡಿಗೆ ಒಂದು ಚೈನ್, 80 ಚೈನಿಗೆ ಒಂದು ಮೈಲಿ. "12 ಮೈಲಿ 40 ಚೈನ್" ಅಂದರೆ ಹನ್ನೆರಡೂವರೆ ಮೈಲಿ, ಸುಮಾರು 20 ಕಿಲೋಮೀಟರ್. ಇದನ್ನು 12.40 ಮೈಲಿ ಅಂತ ಕಂಪ್ಯೂಟರಿಗೆ ಹಾಕಿಬಿಟ್ಟರೆ ಸೇತುವೆ ಪಕ್ಕದ ಊರಿನ ಕಡೆ ಜಾರಿಬಿಡುತ್ತದೆ. ವೇಳಾಪಟ್ಟಿಯಲ್ಲೂ ಇಂಥದೇ ಒಂದು ತೊಡಕಿದೆ. ದೇಶಕ್ಕೆಲ್ಲ ಒಂದೇ ಸಮಯ ಅಂತ ಬಂದದ್ದು 1906ರ ಹೊತ್ತಿಗೆ. ಅದಕ್ಕೂ ಮುಂಚೆ ರೈಲುಗಳು ನಡೆಯುತ್ತಿದ್ದದ್ದು ಮದ್ರಾಸ್ ಸಮಯಕ್ಕೆ. ಅದು ಈಗಿನ ಗಡಿಯಾರಕ್ಕಿಂತ ಒಂಬತ್ತು ನಿಮಿಷ ಹಿಂದೆ.

ಇನ್ನು ಊರ ಹೆಸರು. ವಿಜಯಪುರದ ಕಾಗದ ಬೇಕಾದವರು ಬಿಜಾಪುರ ಅಂತ ಹುಡುಕಿದರೆ ಸಾಲದು. 1880ರ ದಶಕಕ್ಕಿಂತ ಮುಂಚಿನದಾದರೆ ಕಲಾದಗಿ ಜಿಲ್ಲೆ ಅಂತಲೂ ಹುಡುಕಬೇಕು. ಈ ವಿಷಯದಲ್ಲಿ ಸ್ಟೇಷನ್ ಕೋಡ್ ದೊಡ್ಡ ಉಪಕಾರಿ. ಹುಬ್ಬಳ್ಳಿ ಸ್ಟೇಷನ್‌ಗೆ ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿ ಅವರ ಹೆಸರಿದೆ. ಕೋಡ್ ಮಾತ್ರ ಹಳೇ ಯುಬಿಎಲ್. ಹೆಸರು ಬದಲಾಗುತ್ತಿರುತ್ತದೆ, ಹಾಗಾಗಿ ದಾಖಲೆಯಲ್ಲಿ ಕೋಡನ್ನೇ ಗೂಟದ ಹಾಗೆ ಹೊಡೆದು, ಹೆಸರುಗಳನ್ನು ವರ್ಷದ ಸಮೇತ ಅದಕ್ಕೆ ಕಟ್ಟುವುದು ಒಳ್ಳೆಯದು.

ಎಲ್ಲಕ್ಕಿಂತ ಜಾಸ್ತಿ ಜಗಳ ಆಗುವುದು "ಶುರುವಾದ ದಿನಾಂಕ"ದ ಬಗ್ಗೆ. ಮಣ್ಣಿನ ಕೆಲಸ ಮುಗಿದ ದಿನ, ಇಂಜಿನಿಯರ್ ಪರೀಕ್ಷೆ ಮಾಡಿದ ದಿನ, ಗೂಡ್ಸ್ ಗಾಡಿ ಬಿಟ್ಟ ದಿನ, ಜನರನ್ನು ಹತ್ತಿಸಿಕೊಂಡ ದಿನ, ದೊಡ್ಡವರು ಬಂದು ಹಾರ ಹಾಕಿಸಿಕೊಂಡ ದಿನ, ಐದೂ ಬೇರೆ ಬೇರೆ ಇರಬಹುದು. ಒಬ್ಬರು ಒಂದನ್ನು ಹಿಡಿದರೆ ಮತ್ತೊಬ್ಬರು ಇನ್ನೊಂದನ್ನು ಹಿಡಿದು ವಾದಕ್ಕೆ ಇಳಿಯುತ್ತಾರೆ. ಇಬ್ಬರೂ ಸರಿಯೇ. ಯಾವ ದಿನ ಅಂತ ಬರೆಯುವಾಗ ಯಾವುದರ ದಿನ ಅಂತಲೂ ಬರೆದರೆ ಜಗಳ ಮುಗಿಯಿತು.

ನೆಲ ಓದುವುದು

ಭೂಮಾಪನ ಇಲಾಖೆಯ ಹಳೇ ಟೋಪೋ ನಕ್ಷೆಗಳಿಂದ ಶುರು ಮಾಡಿ. ಧಾರವಾಡ, ಹುಬ್ಬಳ್ಳಿ, ಗದಗ ಎಲ್ಲ ಬರುವುದು 48 ಎಂ ಹಾಳೆಗಳಲ್ಲಿ; ಹಾವೇರಿ 48 ಎನ್. ಅದರಲ್ಲಿ ಮೀಟರ್ ಗೇಜ್‌ಗೂ ಬ್ರಾಡ್ ಗೇಜ್‌ಗೂ ಬೇರೆ ಬೇರೆ ಗುರುತು ಇರುತ್ತದೆ, ಹಳಿ ಎತ್ತರಿಸಿದ ದಿಬ್ಬ, ನೆಲ ಕಡಿದ ಕಟಿಂಗ್ ಕೂಡ ಕಾಣುತ್ತವೆ. 1950ರ ದಶಕದಲ್ಲಿ ಅಮೆರಿಕದ ಸೈನ್ಯದವರು ಮಾಡಿಸಿದ ಎರಡೂವರೆ ಲಕ್ಷಕ್ಕೆ ಒಂದರ ಅಳತೆಯ ನಕ್ಷೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೇಲುನೋಟಕ್ಕೆ ಅವು ಸಾಕು. ಸೂಕ್ಷ್ಮಕ್ಕೆ ಸಾಲವು.

ರೈಲಿನ ಹುಚ್ಚಿರುವವರು ಅಷ್ಟಾಗಿ ಬಳಸದ, ಆದರೆ ನಮ್ಮ ಊರಿನ ಯಾವ ರೈತರಿಗೂ ಗೊತ್ತಿರುವ ಕಾಗದ ಒಂದಿದೆ: ಗ್ರಾಮ ನಕ್ಷೆ. ರೈಲ್ವೆಗೆ ಜಮೀನು ಬಿಟ್ಟುಕೊಟ್ಟಾಗ ಅದು ಸರ್ವೆ ನಂಬರುಗಳ ನಡುವೆ ಉದ್ದನೆಯ ಪಟ್ಟಿಯಾಗಿ ನಕ್ಷೆ ಸೇರುತ್ತದೆ. ಹಳಿ ಕಿತ್ತು ಬೇರೆ ಕಡೆ ಹಾಕಿದರೂ ಆ ಪಟ್ಟಿ ಅಷ್ಟು ಬೇಗ ಅಳಿಯುವುದಿಲ್ಲ. ಅಕ್ಕಪಕ್ಕದ ಹೊಲದ ಬದುಗಳು ಇದ್ದಕ್ಕಿದ್ದಂತೆ ಓರೆಯಾಗಿ ಕತ್ತರಿಸಿದ ಹಾಗೆ ಕಂಡರೆ ಅಲ್ಲಿ ಹಿಂದೊಮ್ಮೆ ರೈಲೋ ಕಾಲುವೆಯೋ ಹಾದುಹೋಗಿತ್ತು ಅಂತ ಸಂಶಯ ಪಡಬಹುದು. ದಿಶಾಂಕ್ ಆ್ಯಪ್ ತೆರೆದು ಅಲ್ಲಿ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಆ ನಂಬರ್ ಹಿಡಿದು ಹಳೇ ಕಡತಕ್ಕೆ ಹೋಗಬಹುದು.

ಹಳೇ ದಾರಿ ಹೊಸ ದಾರಿಯಿಂದ ಎಲ್ಲಿ ಬೇರೆಯಾಗಿರಬಹುದು ಅಂತ ಊಹಿಸಲು ತಿರುವುಗಳನ್ನು ನೋಡಬೇಕು. ಮೀಟರ್ ಗೇಜ್ ಹಳಿಯನ್ನು 109 ಮೀಟರ್ ತ್ರಿಜ್ಯದಷ್ಟು ಗಟ್ಟಿಯಾಗಿ ತಿರುಗಿಸಬಹುದಿತ್ತು. ಬ್ರಾಡ್ ಗೇಜ್‌ಗೆ ಕಡಿಮೆ ಅಂದರೂ 175 ಮೀಟರ್ ಬೇಕು. ವೇಗವಾಗಿ ಓಡಬೇಕಾದರೆ ಇನ್ನೂ ಎಷ್ಟೋ ಪಟ್ಟು ಸಡಿಲ ಬೇಕು. ಹಾಗಾಗಿ ಹಳ್ಳ ಸುತ್ತಿಕೊಂಡು, ಗುಡ್ಡ ಬಳಸಿಕೊಂಡು ಹೋದ ಹಳೇ ಹಳಿಯನ್ನು ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡಲು 1992ರಲ್ಲಿ ಶುರುವಾದ ಯುನಿಗೇಜ್ ಯೋಜನೆಯ ಕಾಲದಲ್ಲಿ ಕೆಲವು ಕಡೆ ನೇರ ಮಾಡಿದರು. ಉಪಗ್ರಹ ಚಿತ್ರದಲ್ಲಿ ಈಗಿನ ಹಳಿಯಿಂದ ಕವಲೊಡೆದು, ಬಿಲ್ಲಿನ ಹಾಗೆ ಬಾಗಿ, ಮತ್ತೆ ಬಂದು ಸೇರುವ ಜಾಲಿಮುಳ್ಳಿನ ಸಾಲು ಕಂಡರೆ ಅಲ್ಲಿ ಒಂದು ಗುರುತು ಹಾಕಿಕೊಳ್ಳಿ. ಈಚೆಗೆ ಜೋಡಿ ಹಳಿ ಹಾಕುವ ಕೆಲಸವೂ ಇಂಥ ಗುರುತುಗಳನ್ನು ಅಳಿಸುತ್ತಿದೆ.

ಸ್ಟೇಷನ್ ಹೆಸರಿನ ಕೊನೆಯಲ್ಲಿ "ರೋಡ್" ಇದ್ದರೆ ಅದೂ ಒಂದು ಸಾಕ್ಷಿ. ಗುಳೇದಗುಡ್ಡ ರೋಡ್, ಬಸವನ ಬಾಗೇವಾಡಿ ರೋಡ್, ಇಂಡಿ ರೋಡ್ ಮೂರೂ ಹೋಟಗಿ ಲೈನಿನಲ್ಲೇ ಇವೆ. ಊರು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ. ಖರ್ಚು ಉಳಿಸಲು ಹಳಿಯನ್ನು ನೇರವಾಗಿ ಒಯ್ದು ಊರನ್ನು ಪಕ್ಕಕ್ಕೆ ಬಿಟ್ಟದ್ದು ಇದರಿಂದ ಗೊತ್ತಾಗುತ್ತದೆ. ಬರಗಾಲದ ಲೈನ್ ಅಂದ ಮೇಲೆ ಕೈ ಬಿಗಿ ಹಿಡಿದೇ ಕಟ್ಟಿರುತ್ತಾರೆ.

ನೆಲದ ಮೇಲಿನ ಸಾಕ್ಷಿಗಳಲ್ಲಿ ನನಗೆ ಇಷ್ಟವಾದದ್ದು ಬೇಲಿಗಂಬ. ಹಳೇ ಸ್ಟೇಷನ್‌ಗಳ ಕಾಂಪೌಂಡಿಗೆ, ಗೇಟಿನ ಪಕ್ಕಕ್ಕೆ ತುಂಡು ಹಳಿಗಳನ್ನೇ ನೆಟ್ಟಿರುತ್ತಾರೆ. ಅದರ ಮಗ್ಗುಲನ್ನು ಹತ್ತಿರದಿಂದ ನೋಡಿ. ಮೇಲೆ ಬಳಿದ ಬಣ್ಣದ ಪದರದ ಕೆಳಗೆ ಉಬ್ಬಿದ ಅಕ್ಷರಗಳು ಇರುತ್ತವೆ: ಉಕ್ಕಿನ ಕಾರ್ಖಾನೆಯ ಹೆಸರು, ಉರುಳಿಸಿದ ವರ್ಷ, ಕೆಲವೊಮ್ಮೆ ತಿಂಗಳು, ರೈಲ್ವೆ ಕಂಪನಿಯ ಮೊದಲಕ್ಷರಗಳು. ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿ. ಇಲ್ಲವೇ ಸಂಜೆ ಹೊತ್ತು ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಅಕ್ಷರ ಎದ್ದು ಬರುತ್ತದೆ. ಆದರೆ ಆತುರ ಬೇಡ. ಹಳಿಯ ಮೇಲೆ 1886 ಅಂತ ಇದ್ದರೆ ಲೈನ್ 1886ರದು ಅಂತ ಅರ್ಥ ಅಲ್ಲ. ಮುಖ್ಯ ಲೈನಿನಲ್ಲಿ ಸವೆದ ಹಳಿಯನ್ನು ಕಿತ್ತು ಸೈಡಿಂಗ್‌ಗೆ, ಅಂದರೆ ಗಾಡಿ ನಿಲ್ಲಿಸುವ ಪಕ್ಕದ ಹಳಿಗೆ ಹಾಕುತ್ತಾರೆ, ಅಲ್ಲೂ ಸವೆದರೆ ಕಂಬ ಮಾಡುತ್ತಾರೆ. ಆ ತುಂಡು ನೂರು ಮೈಲಿ ಆಚೆಯಿಂದ ಬಂದಿರಬಹುದು. ಸೇತುವೆಯ ಕಲ್ಲಿನ ಕಂಬಗಳು ಈ ವಿಷಯದಲ್ಲಿ ಹೆಚ್ಚು ನಂಬಿಕಸ್ಥ, ಅವು ಎಲ್ಲಿಗೂ ಹೋಗುವುದಿಲ್ಲ. ಕೆಳಗೆ ಕೆತ್ತಿದ ಕಲ್ಲು, ಮೇಲೆ ಸಿಮೆಂಟಿನ ಅಂಗಿ ತೊಡಿಸಿದ್ದು ಕಂಡರೆ ಗೇಜ್ ಬದಲಾದಾಗಲೋ ಆಮೇಲೋ ಹಳೇ ಕಂಬವನ್ನೇ ಬಲಪಡಿಸಿ ಉಳಿಸಿಕೊಂಡರು ಅಂತ ತಿಳಿಯಬಹುದು.

ಇದಕ್ಕೆಲ್ಲ ಹಳಿಯ ಮೇಲೆ ನಡೆಯಬೇಕಿಲ್ಲ. ಅದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯವಾಗಿ ಜೀವಕ್ಕೆ ಅಪಾಯ. ಲೆವೆಲ್ ಕ್ರಾಸಿಂಗ್, ಮೇಲ್ಸೇತುವೆ, ಹಳ್ಳದ ದಂಡೆ, ಸ್ಟೇಷನ್ ಹೊರಗಿನ ರಸ್ತೆ ಇಷ್ಟರಿಂದಲೇ ಬಹಳ ಕಾಣುತ್ತದೆ. ಹುಬ್ಬಳ್ಳಿಗೆ ಬಂದವರೆಲ್ಲ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಅದಾದ ಮೇಲೆ ಗದಗ ರೋಡ್ ಕಡೆ ಇರುವ ರೈಲು ಮ್ಯೂಸಿಯಂಗೂ ಒಮ್ಮೆ ಹೋಗಿ ಬಂದರೆ ಹಳೇ ಕಾಲದ ಸಾಮಾನು ಯಾವುದು, ಹೇಗಿರುತ್ತಿತ್ತು ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ.

ರಿಟೈರ್ ಆದ ಗ್ಯಾಂಗ್‌ಮನ್‌ಗಳು, ಕೀಮ್ಯಾನ್‌ಗಳು, ಗೇಟ್‌ಮನ್‌ಗಳು ಸಿಕ್ಕರೆ ಬಿಡಬೇಡಿ. ಅವರ ಹತ್ತಿರ ಇಸವಿ ಕೇಳಿದರೆ ಸರಿಯಾಗಿ ಹೇಳಲಾರರು. ಕೆಲಸ ಕೇಳಿ. "ಯಾವ ಕಟಿಂಗ್‌ನಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿಯುತ್ತಿತ್ತು? ಹಳೇ ಹಳಿ ಯಾವ ಕಡೆ ಇತ್ತು? ನೀರಿನ ಟ್ಯಾಂಕ್ ಎಲ್ಲಿತ್ತು?" ಅಂತ ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಇಸವಿಯನ್ನು ಕಾಗದದಲ್ಲಿ ಹುಡುಕಿಕೊಳ್ಳಬಹುದು. ಜಾಗ ಅವರಷ್ಟು ಚೆನ್ನಾಗಿ ಯಾವ ಕಾಗದವೂ ಹೇಳುವುದಿಲ್ಲ.

ಹಳಿ ಇದ್ದರೆ ರೈಲು ಇದ್ದಂತೆ ಅಲ್ಲ

ಓಡಾಟವನ್ನು ಬೇರೆ ಬರೆಯಬೇಕು ಅಂದೆನಲ್ಲ, ಅದಕ್ಕೆ ಕ್ಯಾಸಲ್ ರಾಕ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಅಲ್ಲಿಂದ ಗೋವಾದ ಕುಳೆಮ್‌ಗೆ ಇಳಿಯುವ ಘಟ್ಟದ ಹಳಿ 37 ಅಡಿಗೆ ಒಂದು ಅಡಿ ಇಳಿಯುವಷ್ಟು ಕಡಿದು. 1888ರಿಂದ ಹಳಿ ಇದೆ. ಆದರೆ 1955ರಲ್ಲಿ ಭಾರತಕ್ಕೂ ಪೋರ್ಚುಗೀಸ್ ಗೋವಾಕ್ಕೂ ನಡುವಿನ ಸಂಬಂಧ ಕೆಟ್ಟು ಗಡಿ ದಾಟುವ ರೈಲು ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆದ ಮೇಲೆಯೇ ಮತ್ತೆ ದಾರಿ ತೆರೆಯಿತು. ಹಳಿಯ ನಕ್ಷೆಯಲ್ಲಿ ಈ ಆರು ವರ್ಷ ಕಾಣುವುದೇ ಇಲ್ಲ. ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗಬೇಕಾದವರ ಬದುಕಿನಲ್ಲಿ ಮಾತ್ರ ಅದು ದೊಡ್ಡ ಗೋಡೆ. ಅಳ್ನಾವರದಿಂದ ದಾಂಡೇಲಿ ಕಡೆ ಹೋಗುವ ಕವಲೂ ಹಾಗೇ. ವರ್ಷಗಟ್ಟಲೆ ಪ್ಯಾಸೆಂಜರ್ ಗಾಡಿ ಇರಲಿಲ್ಲ, 2019ರಲ್ಲಿ ಮತ್ತೆ ಬಿಟ್ಟರು.

ಈಗ ಒಂದು ತುಂಡಿನ ದಾಖಲೆ ಹೇಗಿರಬೇಕು ನೋಡೋಣ. ತುಂಡು: ಕ್ಯಾಸಲ್ ರಾಕ್‌ನಿಂದ ಕುಳೆಮ್. ನೆಲ: 1888ರಿಂದ ಘಟ್ಟದ ದಾರಿ, ಆಧಾರ ಟೋಪೋ ನಕ್ಷೆ. ಗೇಜ್: ಮೊದಲು ಮೀಟರ್, 1990ರ ದಶಕದಿಂದ ಬ್ರಾಡ್. ಆಡಳಿತ: ಮೊದಲು ಪೋರ್ಚುಗೀಸ್ ಭಾಗದ ಕಂಪನಿ, ಈಗ ನೈರುತ್ಯ ರೈಲ್ವೆ; ನಡುವಿನದು ಕಡತ ನೋಡಿ ತುಂಬಬೇಕು. ಓಡಾಟ: 1888ರಿಂದ 1955, ಮತ್ತೆ ವಿಮೋಚನೆಯ ನಂತರ. ಪ್ರತಿ ಸಾಲಿನ ಎದುರಿಗೆ ಅದು ಎಲ್ಲಿಂದ ಸಿಕ್ಕಿತು, ಎಷ್ಟು ಗಟ್ಟಿ ಅಂತ ಎರಡು ಮಾತು. "ಪೂರ್ತಿ ಖಚಿತ", "ನಕ್ಷೆ ನೋಡಿ ಊಹೆ", "ಒಬ್ಬರು ಹೇಳಿದ್ದು" ಅಂತ ಬರೆದರೂ ಸಾಕು. ತಿಂಗಳು ಗೊತ್ತಿಲ್ಲದಿದ್ದರೆ ವರ್ಷವನ್ನಷ್ಟೇ ಬರೆಯಿರಿ. ಖಾಲಿ ಬಿಡಲು ಮನಸ್ಸಿಲ್ಲದೆ ಜನವರಿ 1 ಅಂತ ಹಾಕುವ ಚಟ ಕೆಲವರಿಗಿದೆ. ಆಮೇಲೆ ಅದನ್ನೇ ನಿಜ ಅಂತ ಹತ್ತು ಜನ ನಕಲು ಮಾಡುತ್ತಾರೆ.

ಇದನ್ನು ಎಲ್ಲಿ ಇಡುವುದು? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗ ನೆಲದ ಮೇಲೆ ಏನಿದೆಯೋ ಅದಕ್ಕೆ ಜಾಗ. ಪೂರ್ತಿ ಅಳಿಸಿಹೋದ ದಾರಿಯನ್ನು ಅಲ್ಲಿ ಬರೆದರೆ ಬೇರೆಯವರು ತೆಗೆದುಹಾಕಬಹುದು. ಅದೇ ಬಗೆಯ ಓಪನ್‌ಹಿಸ್ಟಾರಿಕಲ್‌ಮ್ಯಾಪ್‌ನಲ್ಲಿ ಪ್ರತಿ ಗೆರೆಗೂ ಶುರುವಾದ, ಮುಗಿದ ದಿನಾಂಕ ಕೊಡಬಹುದು. ವರ್ಷದ ಪಟ್ಟಿ ಎಳೆದರೆ ಆಯಾ ಕಾಲದ ಹಳಿಗಳಷ್ಟೇ ಕಾಣುತ್ತವೆ. ನಮ್ಮ ತುಂಡು ಲೆಕ್ಕಕ್ಕೆ ಅದು ಸರಿಯಾಗಿ ಹೊಂದುತ್ತದೆ. ನಕ್ಷೆ ಬರೆಯಲು ಬಾರದವರು ಬರೀ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡರೂ ಕೆಲಸ ನಡೆಯುತ್ತದೆ.

ಹಳೇದನ್ನು ಹುಡುಕುವ ಭರದಲ್ಲಿ ಕಣ್ಣೆದುರಿಗೆ ಹುಟ್ಟುತ್ತಿರುವುದನ್ನು ಬಿಡಬಾರದು. ಗದಗ–ವಾಡಿ ಹೊಸ ಲೈನ್ ಈಗ ತುಂಡು ತುಂಡಾಗಿ ತೆರೆಯುತ್ತಿದೆ. ತಳಕಲ್‌ನಿಂದ ಕುಷ್ಟಗಿವರೆಗಿನ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಶುರುವಾಯಿತು. ಪರೀಕ್ಷೆಯ ದಿನ, ಉದ್ಘಾಟನೆಯ ದಿನ, ಮೊದಲ ಪ್ಯಾಸೆಂಜರ್ ಗಾಡಿಯ ದಿನ ಎಲ್ಲ ಈಗ ಪತ್ರಿಕೆ ತಿರುವಿದರೆ ಸಿಗುತ್ತವೆ. ಹಳೇ ಲೈನುಗಳಿಗಾದರೆ ಇದೇ ಮೂರು ದಿನಾಂಕಕ್ಕೆ ಮುಂಬೈವರೆಗೂ ಹೋಗಬೇಕು. ಮುಂದಿನ ಸ್ಟೇಷನ್ ಕುಷ್ಟಗಿಯ ಆಚೆ ಯಾವಾಗ ತೆರೆಯುತ್ತದೋ ಆಗ ಟಿಕೆಟ್, ವೇಳಾಪಟ್ಟಿ ಮತ್ತು ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ.